ಎರಡು ಒಲೆಯ ಕಾಡು

ಬಿಳಿಮೀನು ಸರೋವರದ ಮೇಲಿನ ಕಾಡು
ಹದ್ದಿನ ತಿಂಗಳು (ಮಾರ್ಚ್), 1905

ತಮ್ಮ ಯೋತಾಮನಿಗೆ,

ಟಪಾಲಿನ ನಾಯಿಬಂಡಿ ಹಿಮದ ಮೇಲೆ ಕಡಲ ಕೋಟೆಗೆ ಇಳಿಯುತ್ತಿದೆ. ಬಂಡಿಯವನು ಬಾಯಲ್ಲಿ ಹೇಳುವ ಮೊದಲು ನನ್ನ ಕೈಬರಹದಲ್ಲೇ ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನಿನ್ನ ಭಾವ ತೀರಿಕೊಂಡರು.

ಎದೆಗೆ ಕೆಮ್ಮು ಸೇರಿ, ಚಳಿಗಾಲ ಅರ್ಧವಾಗುವಷ್ಟರಲ್ಲೇ ಹಾಸಿಗೆ ಹಿಡಿದಿದ್ದರು. ಕೊನೆಯ ದಿನ ಬೆಳಿಗ್ಗೆ ಎದ್ದು ಕುಳಿತು, ಸೊಸೆ ಕೊಟ್ಟ ಮೊಲದ ಸಾರನ್ನು ಪೂರ್ತಿ ಕುಡಿದು, "ಉಪ್ಪು ಕಮ್ಮಿ" ಎಂದರು. ಮಾವ ತಪ್ಪು ಹುಡುಕುವಷ್ಟು ಗೆಲುವಾದರಲ್ಲ ಎಂದು ಅವಳು ಹಿಗ್ಗಿದಳು. ಮಧ್ಯಾಹ್ನಕ್ಕೆ ಹೋದರು.

ನೆಲ ಕಲ್ಲಾಗಿತ್ತು. ನಿನ್ನ ಸೋದರಳಿಯ ನಿಸ್ಕಾ ಎರಡು ದಿನ ಅದರ ಮೇಲೆ ಬೆಂಕಿ ಉರಿಸಿ, ಮಣ್ಣು ಮೆತ್ತಗೆ ಮಾಡಿ ಕುಣಿ ತೋಡಿದ. ಎಲ್ಲಿ ಎಂದು ಬರೆಯಲಾರೆ, ನಿನಗೆ ಗೊತ್ತು. ನೀನು ಚಿಕ್ಕವನಿದ್ದಾಗ ಬೀವರ್‌ಗಳು ಹೊಳೆಯಲ್ಲಿ ಕಟ್ಟಿದ ಕೊಂಬೆಗೂಡಿನ ಮೇಲೆ ಹತ್ತಿ, ಜಾರಿ ಕಾಲು ಮುರಿದುಕೊಂಡೆಯಲ್ಲ, ಅವರು ನಿನ್ನನ್ನು ಹೆಗಲ ಮೇಲೆ ಹೊತ್ತು ತಂದರಲ್ಲ, ಎರಡು ನೀರು ಕೂಡುವ ಆ ಜಾಗ. ಚಳಿಗಾಲದ ಕಾಡಿನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವವರಲ್ಲ. ಪ್ರಾಣಿಗಳು ತಾವಾಗಿ ತಮ್ಮನ್ನು ನಮಗೆ ಕೊಡುತ್ತವೆ. ಅವು ಇರುವ ತಾವನ್ನು ನಮ್ಮದೆಂದು ಸಾರಿಕೊಂಡು ತಿರುಗಿದರೆ ಮುನಿದು ಹೊರಟುಹೋಗುತ್ತವೆ. ಕೋಟೆಯಲ್ಲಿ ಬಿಳಿಯರ ಜೊತೆ ಇಷ್ಟು ವರ್ಷ ಇದ್ದರೂ ಇದನ್ನು ನೀನು ಮರೆತಿರಲಾರೆ. ಅವರು ಮದುವೆಯಾದಾಗಿನಿಂದ ಅಲ್ಲೇ ಬೇಟೆಯಾಡಿದರು. ಹೊರಡುವಾಗ ಒಂದು ದಿನವೂ 'ಬೇಟೆಗೆ ಹೋಗ್ತೀನಿ' ಅಂದವರಲ್ಲ. 'ಸ್ವಲ್ಪ ಕಾಲಾಡಿಸಿ ಬರ್ತೀನಿ' ಎನ್ನುತ್ತಿದ್ದರು.

ಆ ಕಾಡು ಎರಡು ಒಲೆಯನ್ನು ಸಾಕುತ್ತದೆ, ಹೆಚ್ಚಿಗೆ ಸಾಕುವುದಿಲ್ಲ. ಈಗ ಒಂದು ನನ್ನದು, ಒಂದು ನಿಸ್ಕಾನದು. ಅವನ ಮಗು ನಡೆಯಲು ಕಲಿತಿದೆ. ಆ ಕಾಡಿರುವವರೆಗೆ ನಮ್ಮ ಚಿಂತೆ ನಿನಗೆ ಬೇಡ.

ನೀನು ಬರಲಿಲ್ಲವೆಂದು ಸಿಟ್ಟಿಲ್ಲ. ಸ್ವಲ್ಪ ಇದೆ.

ನಿನ್ನ ಅಕ್ಕ
ತಬಿತಾ


ಕಡಲ ಕೋಟೆ
ಆಗಸ್ಟ್ 1905

ಅಕ್ಕನಿಗೆ,

ನಿನ್ನ ಕಾಗದ ಓದಿ ದಡಕ್ಕೆ ಹೋಗಿ ಕೂತಿದ್ದೆ. ನೀರು ಇಳಿದಿತ್ತು, ಕೆಸರು ಬಹಳ ದೂರದವರೆಗೆ ಕಾಣುತ್ತಿತ್ತು. ಭಾವನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಆ ಹೆಗಲು ನೆನಪಿದೆ, ಅಷ್ಟೇ ಬರೆಯುತ್ತೇನೆ.

ಬರೆಯಲೇಬೇಕಾದ ಇನ್ನೊಂದು ಸಂಗತಿ ಇದೆ. ಈ ಬೇಸಿಗೆ ಕಡಲಾಚೆಯ ಬಿಳಿಯರ ರಾಜನ ಕಡೆಯವರು ನಮ್ಮವರ ನೆಲದ ಬಗ್ಗೆ ಒಪ್ಪಂದ ಮಾಡಿಕೊಳ್ಳಲು ಇಲ್ಲಿಗೆ ಬಂದಿದ್ದರು. ಮೂವರು ದೊಡ್ಡ ಯಜಮಾನರು, ಒಬ್ಬ ವೈದ್ಯ, ಕೆಂಪು ಅಂಗಿಯ ಪೊಲೀಸರು. ಅವರ ಮಾತನ್ನು ನಮ್ಮ ಮಾತಿಗೆ, ನಮ್ಮದನ್ನು ಅವರದಕ್ಕೆ ದಾಟಿಸುವ ಕೆಲಸ ನನಗೇ ಬಿತ್ತು. ಹಿಟ್ಟು, ಚಹಾ, ಉಪ್ಪು ಹಚ್ಚಿದ ಹಂದಿಮಾಂಸ, ಎಲ್ಲ ಧಾರಾಳ. ಮಕ್ಕಳು ಹೊಟ್ಟೆ ನೋವು ಬರುವವರೆಗೆ ತಿಂದರು.

ಅಕ್ಕ, ಆ ಕಾಗದವನ್ನು ನಾನು ನೋಡಿದೆ. ಮಾತು ಶುರುವಾಗುವ ಮೊದಲೇ ಅದು ಪೂರ್ತಿ ಬರೆದಾಗಿತ್ತು. ನಮ್ಮವರು ಏನು ಹೇಳಿದರೂ ಸೇರಿಸಲು ಅದರಲ್ಲಿ ತಾವಿರಲಿಲ್ಲ. ಗುರುತು ಹಾಕಲು ಮಾತ್ರ ಕೆಳಗೆ ಬಿಳಿ ಜಾಗ ಬಿಟ್ಟಿದ್ದರು. ಯಜಮಾನರು ಇಲ್ಲಿಯ ಹಿರಿಯರನ್ನು, "ನೀವು ಎಲ್ಲಿ ವಾಸ ಮಾಡ್ತೀರಿ?" ಎಂದು ಕೇಳಿದರು. ಹಿರಿಯರು, "ಇಲ್ಲೇ, ನೀವು ನೋಡ್ತಾ ಇದ್ದೀರಲ್ಲ" ಎಂದರು. ಯಜಮಾನರು ನಕ್ಷೆಯ ಮೇಲೆ ಆ 'ಇಲ್ಲಿ'ಯ ಸುತ್ತ ಒಂದು ಪುಟ್ಟ ಚೌಕ ಬರೆದರು. ಚೌಕದೊಳಗಿನದು ನಮ್ಮವರ ಮೀಸಲು ಜಾಗ. ಹೊರಗಿನದರ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ.

ಮುಂದಿನ ಬೇಸಿಗೆ ಅವರು ನಿಮ್ಮ ಸರೋವರಕ್ಕೆ ಬರುತ್ತಾರೆ, ನಾನೂ ಜೊತೆಗಿರುತ್ತೇನೆ. ನಿಮ್ಮ ಹಿರಿಯರು ಪಿಪೂನ್ ತಾತ, ಅವರಿಗೆ ಈಗಲೇ ಹೇಳು. ಯಜಮಾನರು ಕೇಳಿದಾಗ ಚಳಿಗಾಲದ ಕಾಡುಗಳನ್ನು ಒಂದೂ ಬಿಡದೆ ಹೆಸರು ಹಿಡಿದು ಹೇಳಬೇಕು. ಎಲ್ಲರಿಗಿಂತ ಮೊದಲು ಭಾವನದು.

ಇನ್ನೊಂದು. ಅವರ ಹಿಂದಿನ ದೋಣಿಯಲ್ಲಿ ಇಬ್ಬರಿದ್ದರು. ಊಟಕ್ಕೂ ಬರಲಿಲ್ಲ, ಮಾತಿಗೂ ಬರಲಿಲ್ಲ. ದಿನವಿಡೀ ಬಂಡೆಗಳನ್ನು ಸುತ್ತಿಗೆಯಿಂದ ಬಡಿದು ಚೂರುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನಿನ್ನ
ಯೋತಾಮ


ಬಿಳಿಮೀನು ಸರೋವರ
ಹಿಮ ಸಿಡಿಯುವ ತಿಂಗಳು (ಜನವರಿ), 1906

ಯೋತಾಮ,

ಹೊಸ ವರ್ಷಕ್ಕೆ ಎಲ್ಲರೂ ತುಪ್ಪಳ ಮಾರಲು ಕಾಡಿನಿಂದ ಸರೋವರಕ್ಕೆ ಇಳಿದಿದ್ದರು. ಪಿಪೂನ್ ತಾತನ ಡೇರೆಯಲ್ಲಿ ಸೇರಿದಾಗ ನಿನ್ನ ಕಾಗದವನ್ನು ಓದಿ ಹೇಳಿದೆ. ನೀನು ಕೇಳಿದ್ದಕ್ಕೆ ಓದಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ತಾತ ಚಿಲುಮೆ ಕೆರೆದು ಬೂದಿ ಕೊಡವಿದರು. ಆಮೇಲೆ, "ತಬಿತಾ, ನಿನ್ ತಮ್ಮಂಗೆ ಕೋಟೆ ಹಿಟ್ಟು ತಿಂದೂ ತಿಂದೂ ಗಂಟಲು ದಪ್ಪ ಆಗಿದೆ ಕಣಮ್ಮ" ಎಂದರು. "ಚಳಿಗಾಲವಿಡೀ ಗವೀಲಿ ಮಲಗೋ ಗಿಡ್ಡಬಾಲದವನ ಮನೆ ಬಾಗಿಲಲ್ಲಿ ನಿಂತು 'ದೊಡ್ಡಪ್ಪಾ, ನಾಳೆ ಬಂದು ನಿನ್ನ ಹೊಡೀತೀನಿ, ಮನೇಲೇ ಇರು' ಅಂತ ಕೂಗೋನು ಅವನು."

ಡೇರೆಯೆಲ್ಲ ನಕ್ಕಿತು. ಯಾರೋ, "ಚಿಕ್ಕೋನಿದ್ದಾಗ ಮೊಲಕ್ಕಿಟ್ಟ ಉರುಲಲ್ಲಿ ತಾನೇ ಸಿಕ್ಕಿಕೊಂಡಿದ್ದ ನೋಡು, ಅವತ್ತೇ ಗೊತ್ತಾಗಿತ್ತು" ಎಂದರು. ನನಗೂ ನಗು ಬಂತು. ನಿನ್ನ ಭಾವ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ನಿಸ್ಕಾ ಮಾತ್ರ ನಗಲಿಲ್ಲ. "ತಾತ, ಅವರು ಕೇಳ್ದಾಗ ನಾವು ಸುಮ್ನಿದ್ರೆ ಏನು ತಿಳ್ಕೋತಾರೆ?" ಎಂದ.

"ಸುಮ್ನಿದ್ರೆ ಏನು ತಿಳ್ಕೋಬೇಕೋ ಅದನ್ನೇ ತಿಳ್ಕೋತಾರೆ. ಅವರೂ ಒಬ್ಬ ರಾಜನ ಮನೆಯಿಂದ ಬರೋರು, ಮರ್ಯಾದೆ ಗೊತ್ತಿರೋರು. ಇನ್ನೊಬ್ಬರ ಅಡುಗೆಮನೇಲಿ ಏನಿದೆ ಅಂತ ಇಣುಕಿ ನೋಡ್ತಾರಾ? ಚಿಲುಮೆ ಸೇದಿ ಮಾತಾಡ್ತಾರೆ. ಚಿಲುಮೆ ಸೇದಿದ ಮೇಲೆ ಯಾರು ಸುಳ್ಳು ಹೇಳ್ತಾರೆ?"

ತಾತ ಹೇಳಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಈ ವರ್ಷ ಬೇಟೆ ಸಿಗುವುದು ಕಮ್ಮಿಯಾಗಿದೆ. ಇಂಥ ಹೊತ್ತಿನಲ್ಲಿ ಬಾಯಿಯನ್ನು ಇನ್ನಷ್ಟು ಜೋಪಾನವಾಗಿ ಇಟ್ಟುಕೊಳ್ಳಬೇಕು.

ನಿನ್ನ ಭಾವನ ಕೋಟನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಹೋದವರದ್ದನ್ನು ಇಟ್ಟುಕೊಳ್ಳಬಾರದು, ಗೊತ್ತು. ಮೊನ್ನೆ ಕೊಟ್ಟುಬಿಟ್ಟೆ.

ತಬಿತಾ


ಕಡಲ ಕೋಟೆ
ಏಪ್ರಿಲ್ 1906

ಅಕ್ಕ,

ತಾತನ ಮಾತಿಗೆ ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಕಾಗದವನ್ನು ಮತ್ತೆ ಓದಿದೆ.

ನಾನು ನಿಮಗಿಂತ ಬುದ್ಧಿವಂತನೆಂದು ಬರೆಯುತ್ತಿಲ್ಲ. ನಾನು ಅವರ ಕುರ್ಚಿಯ ಹಿಂದೆ ನಿಂತಿದ್ದೆ, ನೀವು ನಿಂತಿರಲಿಲ್ಲ, ಅಷ್ಟೇ ವ್ಯತ್ಯಾಸ. ಎದುರಿಗಿದ್ದವರು ಸುಮ್ಮನಾದಾಗ ಆ ಯಜಮಾನರು ಗಡಿಯಾರ ನೋಡಿಕೊಳ್ಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ಒಪ್ಪಿಗೆ ಅಂತ ತಾನೆ?" ಎನ್ನುತ್ತಾರೆ.

ಒಂದು ದಾರಿ ಹೊಳೆದಿದೆ. ಬಾಯಲ್ಲಿ ಹೇಳಬೇಡ. ತಾತನಿಗೂ ಹೇಳುವುದು ಬೇಡ. ನೀನು ಬರೆಯಬಲ್ಲೆ. ಎರಡು ನೀರು ಕೂಡುವಲ್ಲಿಂದ ಶುರುಮಾಡಿ ಹೊಳೆ, ದಿಬ್ಬ, ಜೌಗು, ಕೆರೆ, ಭಾವ ಓಡಾಡಿದ ಪ್ರತಿಯೊಂದರ ಹೆಸರನ್ನು ಬರೆದು ನನಗೊಬ್ಬನಿಗೆ ಕಳಿಸು. ಸೀಸದಕಡ್ಡಿಗೆ ದನಿಯಿಲ್ಲ, ಕಾಡಿನಲ್ಲಿ ಯಾವ ಪ್ರಾಣಿಗೂ ಕೇಳಿಸುವುದಿಲ್ಲ. ಅವರು ಹೊರಡುವ ಮೊದಲು ನಾನೇ ಅದನ್ನು ಅವರ ನಕ್ಷೆ ಬರೆಯುವವನ ಕೈಗೆ ಕೊಡುತ್ತೇನೆ. ನಿಸ್ಕಾನ ಮಗುವಿನ ಅನ್ನದ ಪ್ರಶ್ನೆ ಇದು.

ಬೇಗ ಬರೆ.

ಯೋತಾಮ


ಬಿಳಿಮೀನು ಸರೋವರ
ಮೊಟ್ಟೆಯ ತಿಂಗಳು (ಜೂನ್), 1906

ತಮ್ಮ,

ಮೂರು ಸಲ ಕೂತೆ. ಮೊದಲ ಸಲ ಸೀಸದಕಡ್ಡಿ ಚೂಪು ಮಾಡುತ್ತಲೇ ಕತ್ತಲಾಯಿತು. ಎರಡನೆಯ ಸಲ ನಿಸ್ಕಾ ಬಂದ, ಏನು ಬರೆಯುತ್ತಿದ್ದೀ ಎಂದು ಕೇಳಲಿಲ್ಲ, ಕೇಳದೆ ಇದ್ದದ್ದೇ ಕಷ್ಟವಾಯಿತು. ಮೂರನೆಯ ಸಲ ಒಂದು ಹೆಸರು ಬರೆದೆ. ನಿನ್ನ ಭಾವ ಮಲಗಿರುವ ಜಾಗದ್ದು. ಆ ಅಕ್ಷರಗಳನ್ನು ನೋಡಿದರೆ ಅವರನ್ನು ಹೊದಿಕೆ ತೆಗೆದು ಬಯಲಲ್ಲಿ ಮಲಗಿಸಿದ ಹಾಗೆ ಕಾಣಿಸಿತು. ಕಾಗದವನ್ನು ಒಲೆಗೆ ಹಾಕಿದೆ.

ದನಿಯಿಲ್ಲ ಎಂದು ನೀನು ಬರೆದೆ. ನಿನ್ನ ಕಾಗದ ಓದುವಾಗ ನನಗೆ ನಿನ್ನ ದನಿಯೇ ಕೇಳಿಸುತ್ತದಲ್ಲ.

ಮಗುವಿನ ಹೆಸರು ಹಿಡಿದು ನನ್ನನ್ನು ಎಳೆದದ್ದು ನನಗೆ ಹಿಡಿಸಲಿಲ್ಲ. ಬಾ. ಬಂದು ನಿನ್ನ ಯಜಮಾನರ ಮುಂದೆ ನಮ್ಮ ಮಾತನ್ನು ಸರಿಯಾಗಿ ಹೇಳು, ಅಷ್ಟು ಸಾಕು. ಬಿಳಿಮೀನು ಈ ವರ್ಷ ಕೊಬ್ಬಿದೆ. ನಿನಗೆಂದು ಹೊಗೆಯಲ್ಲಿ ಒಣಗಿಸಿ ಇಟ್ಟಿರುತ್ತೇನೆ.

ತಬಿತಾ


ಬಿಳಿಮೀನು ಸರೋವರ
ಎಲೆ ಹಣ್ಣಾಗುವ ತಿಂಗಳು (ಸೆಪ್ಟೆಂಬರ್), 1906

ಯೋತಾಮ,

ಒಪ್ಪಂದದ ದಿನ ನೀನು ಯಜಮಾನರ ಪಕ್ಕದಲ್ಲಿದ್ದೆ, ನಾನು ಹೆಂಗಸರ ಜೊತೆ ಚಹಾದ ಪಾತ್ರೆಗಳ ಬಳಿ ಇದ್ದೆ. ನಿನಗೆ ಅಲ್ಲಿಂದ ಏನು ಕಂಡಿತೋ ನಾನರಿಯೆ. ಇಲ್ಲಿಂದ ಕಂಡದ್ದನ್ನು ಬರೆದಿಡುತ್ತೇನೆ, ನಮ್ಮಿಬ್ಬರಲ್ಲಿ ಒಬ್ಬರಾದರೂ ಮರೆಯದಿರಲಿ.

ಚಿಲುಮೆ ಎಲ್ಲರ ಕೈ ದಾಟಿ ಬಂತು. ಮೀಸೆಯ ಯಜಮಾನರೂ ಸೇದಿದರು, ಕೆಮ್ಮಿದರು. ತಾತ ಎದ್ದು, "ನಮ್ಮ ಬೇಟೆಗೆ, ನಮ್ಮ ಬಲೆಗೆ ಯಾರಾದ್ರೂ ಅಡ್ಡ ಬರ್ತಾರಾ?" ಎಂದು ಕೇಳಿದರು. ಯಜಮಾನರ ಉತ್ತರವನ್ನು ನೀನು ನಮ್ಮ ಮಾತಿನಲ್ಲಿ ಹೇಳಿದೆ: "ಯಾರೂ ಬರಲ್ಲ. ನಿಮ್ಮ ಅಪ್ಪಂದಿರು ಹೇಗೆ ಬದುಕಿದ್ರೋ ನೀವೂ ಹಾಗೇ ಬದುಕ್ತೀರಿ." ಹೆಂಗಸರು ತಲೆದೂಗಿದರು. ನಮ್ಮ ಪಾಲಿಗೆ ಅಲ್ಲಿಗೆ ಒಪ್ಪಂದ ಮುಗಿಯಿತು. ಆಮೇಲಿನ ಕಾಗದವೆಲ್ಲ ಅವರ ಆಚಾರ ಎಂದುಕೊಂಡೆವು.

ಯಜಮಾನರು ನಕ್ಷೆ ಬಿಚ್ಚಿದರು. ನಿಮಗೆ ಯಾವ ಜಾಗ ಬೇಕು ಎಂದರು. ತಾತ ತುಟಿ ಮುಂದೆ ಮಾಡಿ ನಾವು ಬೇಸಿಗೆಯಲ್ಲಿ ಬಲೆ ಬಿಡುವ ಜಲಸಂಧಿಯನ್ನು ತೋರಿಸಿ, "ಇಲ್ಲೇ" ಎಂದರು. ಅತಿಥಿಗಳನ್ನು ಕೂರಿಸುವ ಜಾಗ ಬಿಟ್ಟು ಇನ್ಯಾವುದನ್ನು ತೋರಿಸಲಾದೀತು? ನೀನು ದಾಟಿಸಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, "ತಾತ, ಚಳಿಗಾಲದಲ್ಲಿ?" ಎಂದು ನೀನಾಗಿಯೇ ಕೇಳಿದೆ.

"ಚಳಿಗಾಲದಲ್ಲಿ ಚಳಿ ಇರುತ್ತಪ್ಪಾ" ಎಂದರು ತಾತ.

ಊರೆಲ್ಲ ನಕ್ಕಿತು. ಅದನ್ನು ನೀನು ದಾಟಿಸಿದಾಗ ಯಜಮಾನರೂ ಚೆನ್ನಾಗಿ ನಕ್ಕರು. ಎಲ್ಲರೂ ನಗುತ್ತಿರುವಾಗ ನೀನು ತಲೆಗಳ ಮೇಲಿನಿಂದ ನನ್ನನ್ನೇ ನೋಡಿದೆ. ನಾನು ಶಾಲು ಸರಿಮಾಡಿಕೊಂಡೆ. ದುಃಖದಲ್ಲಿರುವ ಹೆಂಗಸು ಸಭೆಯಲ್ಲಿ ದನಿ ಎತ್ತುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಚೌಕ ಬರೆದರು. ತಾತ ಗುರುತು ಹಾಕಿದರು.

ನೀನು ನನ್ನ ಡೇರೆಗೆ ಬರಲಿಲ್ಲ. ಮೀನು ಇನ್ನೂ ಕಟ್ಟಿಟ್ಟೇ ಇದೆ.

ತಬಿತಾ


ಕಡಲ ಕೋಟೆ
ಫೆಬ್ರವರಿ 1907

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಬರಲಿಲ್ಲ ಏಕೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಮುಂದೆ ಕೂತು ಊಟ ಮಾಡುವ ಮುಖ ನನಗಿರಲಿಲ್ಲ. 'ಯಾರೂ ಅಡ್ಡ ಬರಲ್ಲ' ಎಂದು ನನ್ನ ಬಾಯಿಂದಲೇ ಬಂತು. ಆ ಮಾತು ಅವರ ಕಾಗದದಲ್ಲಿ ಹಾಗೆ ಇರಲಿಲ್ಲ. 'ಸರ್ಕಾರಕ್ಕೆ ಬೇಕಾಗುವ ಜಾಗ ಬಿಟ್ಟು' ಎಂದು ಒಂದು ಸಾಲಿತ್ತು. ಅದನ್ನು ಯಜಮಾನರು ಓದಿ ಹೇಳಲಿಲ್ಲ. ಅವರು ಓದದ್ದನ್ನು ನಾನು ದಾಟಿಸಲಿಲ್ಲ.

ಕೋಟೆಯ ಕಚೇರಿಯ ಗೋಡೆಗೆ ಹೊಸ ನಕ್ಷೆ ಬಂದಿದೆ. ನಿಮ್ಮ ಸರೋವರದ ಪಕ್ಕ ಉಗುರಿನಷ್ಟು ಚೌಕ. ಅದರಿಂದಾಚೆ ಮೇಲಕ್ಕೆ ಎಲ್ಲ ಬಿಳಿ. ಆ ಬಿಳಿಯ ನಡುವೆ ಒಂದು ಕೆಂಪು ಗೆರೆ, ದಕ್ಷಿಣದಿಂದ ಬರುವ ರೈಲುದಾರಿಯದು. ಗೆರೆ ನೇರವಾಗಿ ಎರಡು ನೀರು ಕೂಡುವಲ್ಲಿ ಹಾದಿದೆ. ದಾರಿಯ ಎರಡೂ ಕಡೆಯ ಮರಗಳನ್ನು ಕಡಿಯುವವರಿಗೆ ಕೊಡುತ್ತಾರಂತೆ. ಗುಮಾಸ್ತನನ್ನು ಕೇಳಿದೆ. "ಅಲ್ಲಿ ಯಾರಿದಾರೆ ಹೇಳು? ನಿಮ್ಮೋರೇ ಬೇಡ ಅಂದ್ರಲ್ಲ" ಎಂದ.

ಅಳತೆಯವರು ಹಿಮ ಕರಗಿದ ಕೂಡಲೇ ಹೋಗುತ್ತಾರೆ. ನಿಸ್ಕಾನಿಗೆ ಹೇಳು, ಅವರ ಜೊತೆ ಜಗಳ ಬೇಡ. ಅವರ ಬಳಿ ಪೊಲೀಸರ ಚೀಟಿ ಇದೆ.

ಯೋತಾಮ


ಬಿಳಿಮೀನು ಸರೋವರ
ಹಕ್ಕಿಮರಿ ಹಾರುವ ತಿಂಗಳು (ಆಗಸ್ಟ್), 1907

ತಮ್ಮ,

ನಿನ್ನ ಕಾಗದ ಓದಿದ ಮೇಲೆ ನಾನು, ನಿಸ್ಕಾ ದೋಣಿ ಹಾಕಿಕೊಂಡು ಮೇಲಕ್ಕೆ ಹೋದೆವು. ಬೇಸಿಗೆಯಲ್ಲಿ ಆ ಕಾಡಿಗೆ ನಾವು ಯಾರೂ ಹೋಗುವುದಿಲ್ಲ. ಪ್ರಾಣಿಗಳು ಮರಿಹಾಕಿ ಸುಖವಾಗಿರಲಿ ಎಂದು ಬಿಟ್ಟಿರುತ್ತೇವೆ. ಎಲೆ ತುಂಬಿದ ಆ ಜಾಗ ನನಗೆ ಗುರುತೇ ಸಿಗಲಿಲ್ಲ.

ಗೂಟಗಳು ಮೊದಲು ಕಂಡವು. ಒಂದೊಂದರ ತುದಿಗೂ ಕೆಂಪು ಬಟ್ಟೆ. ನಿನ್ನ ಭಾವ ಮಲಗಿರುವ ದಿಬ್ಬದ ಪಕ್ಕದಲ್ಲೇ ಒಂದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಿಸ್ಕಾ ಅದನ್ನು ಕೀಳಲು ಹೋದ. ನಾನು ಅವನ ತೋಳು ಹಿಡಿದುಕೊಂಡೆ.

ಅಳತೆಯವರು ನೀರಿನ ಬಳಿ ಬಿಡಾರ ಹೂಡಿದ್ದರು. ಸರ್ವೆಯವನು ಎಳೆಯ ಪ್ರಾಯದವನು. ಮುಖವೆಲ್ಲ ಸೊಳ್ಳೆ ಕಚ್ಚಿ ಊದಿತ್ತು, ಪಾಪ. ನಮ್ಮನ್ನು ಕಂಡು ಟೋಪಿ ತೆಗೆದ, ಕೂರಿಸಿ ಚಹಾ ಕೊಟ್ಟ, ಸಕ್ಕರೆ ಬೇರೆ ಇಟ್ಟ. ಅಡುಗೆಯವನು ದಕ್ಷಿಣದ ಕಡೆಯವನು, ನಮ್ಮ ಮಾತು ಬಲ್ಲವನು. ಅವನೇ ದಾಟಿಸಿದ.

ಸರ್ವೆಯವನು ಮಡಿಲಿನಲ್ಲಿ ನಕ್ಷೆ ಹರಡಿಕೊಂಡು, "ಅಮ್ಮಾ, ಈ ಹೊಳೆಗೆ ನೀವು ಏನಂತೀರಿ?" ಎಂದು ಕೇಳಿಸಿದ.

ನಾನು ಸಕ್ಕರೆ ಹಾಕಿ ಚಹಾ ಕಲಕಿದೆ.

ಅಡುಗೆಯವನು ಮೂಗಿನಲ್ಲಿ ನಕ್ಕು, "ಹೇಳಿಬಿಡಮ್ಮ. ಇಲ್ದಿದ್ರೆ ಇವರು ತಮ್ಮ ಅತ್ತೆ ಹೆಸರು ಇಟ್ಟುಬಿಡ್ತಾರೆ. ಕೆಳಗಿನ ಕೆರೆಗೆ ಆಗಲೇ ಹೆಂಡತಿ ಹೆಸರು ಇಟ್ಟಾಗಿದೆ" ಎಂದ.

ಯೋತಾಮ, ನಾನು ಹೇಳಿಬಿಟ್ಟೆ. ಹೊಳೆಯ ಹೆಸರು ಹೇಳಿದೆ. ಎರಡು ನೀರು ಕೂಡುವಲ್ಲಿನದು ಹೇಳಿದೆ. ಒಂದು ಹೊರಬಿದ್ದ ಮೇಲೆ ನಿಲ್ಲಿಸಲು ಆಗಲಿಲ್ಲ. ದಿಬ್ಬ, ಜೌಗು, ಮೂಸ್ ಜಿಂಕೆ ನೀರಿಗಿಳಿಯುವ ಹಾದಿ, ಗಿಡ್ಡಬಾಲದವನು ಮಲಗುವ ಬಂಡೆಸಂದಿ, ನಿನಗೆ ಬರೆಯದೆ ಸುಟ್ಟದ್ದನ್ನೆಲ್ಲ ಒಬ್ಬ ಪರಕೀಯನಿಗೆ ಹಗಲು ಬೆಳಕಿನಲ್ಲಿ ಗಟ್ಟಿಯಾಗಿ ಹೇಳಿದೆ. ಕೊನೆಗೆ ನಿನ್ನ ಭಾವನ ಹೆಸರನ್ನೂ ಹೇಳಿದೆ. ಅಷ್ಟರಲ್ಲಿ ನಿಸ್ಕಾ ಎದ್ದು ದೋಣಿಯ ಕಡೆ ಹೋಗಿದ್ದ. ಹಿಂತಿರುಗಿ ನೋಡಲಿಲ್ಲ.

ಸರ್ವೆಯವನಿಗೆ ಬಹಳ ಖುಷಿಯಾಯಿತು. ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು, ಸಣ್ಣ ಅಕ್ಷರದಲ್ಲಿ ಚೆಂದವಾಗಿ ಬರೆದುಕೊಂಡ.

"ಈಗ ನಾವು ಇಲ್ಲಿ ಇದ್ದೀವಿ ಅಂತಾನೂ ಬರ್ಕೊಳ್ಳಪ್ಪ" ಎಂದೆ.

ಅವನು ತಲೆ ಎತ್ತಿದ. ಕೆಟ್ಟವನಲ್ಲ, ಮುಖ ಸಪ್ಪಗಾಯಿತು. ಅಡುಗೆಯವನು ದಾಟಿಸಿದ: "ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀಬೇಕಂತೆ. ಮೂರು ವಾರದಿಂದ ಇದ್ದಾರಂತೆ, ಒಂದು ನರಪಿಳ್ಳೆ ಕಂಡಿಲ್ವಂತೆ."

"ಬೇಸಿಗೇಲಿ ಯಾಕೆ ಕಾಣ್ತೀವಿ? ಚಳಿಗಾಲಕ್ಕೆ ಬರ್ಲಿ. ನನ್ನ ಡೇರೆ, ಮಗನ ಡೇರೆ ಇಲ್ಲೇ ಇರುತ್ತೆ."

ಸರ್ವೆಯವನು ಯೋಚನೆ ಮಾಡಿ ಉತ್ತರ ಕೊಟ್ಟ. ಮಾರ್ಚಿನಲ್ಲಿ, ಹಿಮ ಗಟ್ಟಿಯಿರುವಾಗ, ದೊಡ್ಡ ಅಧಿಕಾರಿ ಬಂದು ಗೆರೆಯನ್ನು ಖಾಯಂ ಮಾಡುತ್ತಾನಂತೆ. ಎರಡು ಡೇರೆ ಕಂಡರೆ ದಾರಿಹೋಕರು ಎಂದು ಬರೆಯುತ್ತಾರಂತೆ. ಊರು ಕಂಡರೆ ಊರೆಂದು ಬರೆಯುತ್ತಾರಂತೆ. ಊರಿದ್ದರೆ ಗೆರೆ ಸರಿಸಬೇಕೆಂಬ ನಿಯಮ ಇದೆಯಂತೆ.

ಮೂರು ದಿನದ ದಾರಿಯಲ್ಲಿ ನಿಸ್ಕಾ ನನ್ನೊಡನೆ ಒಂದೇ ಮಾತಾಡಿದ. "ಇನ್ನು ಅಲ್ಲಿ ಏನು ಸಿಗುತ್ತವ್ವ?"

ತಬಿತಾ


ಕಡಲ ಕೋಟೆ
ಸೆಪ್ಟೆಂಬರ್ 1907

ಅಕ್ಕ,

ದೋಣಿ ಈಗಲೇ ಹೊರಡುತ್ತಿದೆ, ಇದು ಈ ವರ್ಷದ ಕೊನೆಯದು. ಸರ್ವೆಯವನು ಹೇಳಿದ್ದು ನಿಜವೇ ಎಂದು ಕಚೇರಿಯಲ್ಲಿ ವಿಚಾರಿಸಿದೆ. ಅಂಥ ನಿಯಮ ಇರಬಹುದು ಎಂದರು. ಇದೆ ಎನ್ನಲಿಲ್ಲ. ಮಾರ್ಚಿನಲ್ಲಿ ಹೋಗುವ ತಂಡಕ್ಕೆ ದುಭಾಷಿಯಾಗಿ ಹೆಸರು ಕೊಟ್ಟಿದ್ದೇನೆ. ಈ ಸಲ ಅವರು ಓದದೆ ಬಿಟ್ಟ ಸಾಲನ್ನೂ ನಾನು ಹೇಳುತ್ತೇನೆ.

ನಿಮ್ಮ ಕಡೆಯಿಂದ ಬಂದ ದೋಣಿಯವನು ಒಂದು ಮಾತು ಹೇಳಿದ. ಪಿಪೂನ್ ತಾತ ಎಲ್ಲರನ್ನೂ ಕರೆದುಕೊಂಡು ಅಲ್ಲಿಗೆ ಹೊರಡುತ್ತಾರೆ ಎಂದು. ಅವನ ಹುಡುಗಾಟ ಇರಬೇಕು. ಹುಡುಗಾಟ ಅಲ್ಲದಿದ್ದರೆ ಬೇಡ ಅಕ್ಕ. ನೀನೇ ಬರೆದಿದ್ದೆ, ಆ ಕಾಡು ಎಷ್ಟು ಒಲೆಯನ್ನು ಸಾಕುತ್ತದೆ ಎಂದು. ತಾತನಿಗೆ ಅದು ನಿನಗಿಂತ ಚೆನ್ನಾಗಿ ಗೊತ್ತು.

ಎರಡು ಚೀಲ ಹಿಟ್ಟು ಕಳಿಸಿದ್ದೇನೆ. ಇನ್ನೂ ಕಳಿಸಲು ದೋಣಿಯಲ್ಲಿ ಜಾಗ ಕೊಡಲಿಲ್ಲ.

ಯೋತಾಮ


ಎರಡು ನೀರು ಕೂಡುವಲ್ಲಿ
ಹೆಪ್ಪುಗಟ್ಟುವ ತಿಂಗಳು (ನವೆಂಬರ್), 1907

ತಮ್ಮ ಯೋತಾಮನಿಗೆ,

ಹಿಟ್ಟು ತಲುಪಿತು. ಎಲ್ಲ ಡೇರೆಗೂ ಒಂದೊಂದು ಬಟ್ಟಲು ಹಂಚಿದೆ. ಮಕ್ಕಳಿರುವ ಡೇರೆಗೆ ಎರಡು.

ದೋಣಿಯವನು ಹೇಳಿದ್ದು ಹುಡುಗಾಟ ಅಲ್ಲ. ನಾನು ಸರ್ವೆಯವನ ಮಾತನ್ನು ತಿಳಿಸಿದ ದಿನ ತಾತ ನನ್ನನ್ನು ಬೈಯುತ್ತಾರೆಂದು ಕಾಯುತ್ತಿದ್ದೆ. ಬೈಯಲಿಲ್ಲ. "ಎಲ್ಲಾ ಹೆಸರೂ ಹೇಳಿದ್ಯಾ?" ಎಂದು ಕೇಳಿದರು. ಹೇಳಿದೆ ಎಂದೆ. "ಹಾಗಾದ್ರೆ ಇನ್ನು ಬಚ್ಚಿಡೋದಕ್ಕೆ ಏನೂ ಉಳಿದಿಲ್ಲ" ಎಂದು ಚಿಲುಮೆಯನ್ನು ಕೆಳಗಿಟ್ಟರು. ಮರುದಿನ ಎಲ್ಲರನ್ನೂ ಕರೆಸಿದರು. "ನನ್ನ ನಗೆಮಾತಿಗೆ ಆ ಯಜಮಾನ ನಕ್ಕಾಗ ನಂಗೆ ಹೆಮ್ಮೆ ಆಗಿತ್ತು" ಎಂದರು. "ಎರಡು ಡೇರೆ ದಾರಿಹೋಕರಾದ್ರೆ ಎಲ್ಲಾ ಡೇರೆ ಊರಾಗ್ಲೇಬೇಕು. ಬಂದು ನೋಡ್ಲಿ. ಊರು ನೋಡ್ಬೇಕು ಅಂದ್ರಲ್ಲ."

ಅಲ್ಲಿ ತಿನ್ನುವುದೇನು ಎಂದು ಒಬ್ಬ ಹೆಂಗಸು ಕೇಳಿದಳು. "ಮೀನು ಒಣಗಿಸಿದ್ದೀರಲ್ಲ" ಎಂದರು ತಾತ. ಅದು ಎಷ್ಟು ದಿನಕ್ಕೆ ಬರುತ್ತದೆಂದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಯಾರನ್ನೂ ಬಲವಂತ ಮಾಡಲಿಲ್ಲ. ಆದರೂ ಯಾರೂ ಹಿಂದೆ ಉಳಿಯಲಿಲ್ಲ. ಕಣ್ಣು ಕಾಣದ ಮುದುಕಿಯರನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಬಂದೆವು.

ಇಷ್ಟು ಡೇರೆಗಳನ್ನು ಈ ನೀರು ಯಾವತ್ತೂ ನೋಡಿಲ್ಲ. ಸಂಜೆ ನೋಡಲು ಚೆಂದವಾಗಿಯೇ ಇರುತ್ತದೆ. ಮಕ್ಕಳು ಗೂಟಗಳ ಕೆಂಪು ಬಟ್ಟೆ ಬಿಚ್ಚಿ ತಲೆಗೆ ಕಟ್ಟಿಕೊಂಡು ಆಡುತ್ತಾರೆ. ನಿಸ್ಕಾ, ಉಳಿದ ಗಂಡಸರು ಬೆಳಗಾಗುವ ಮೊದಲೇ ಹೋಗುತ್ತಾರೆ. ಹೊಸ ಹಿಮ ಬಿದ್ದು ಎಷ್ಟೋ ದಿನವಾಯಿತು, ಹಿಮದ ಮೇಲೆ ನಮ್ಮವರ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಕಾಣುತ್ತಿಲ್ಲ. ನಾನು ಹೇಳಿದ್ದಕ್ಕೋ, ಇಷ್ಟು ಜನರ ಗದ್ದಲಕ್ಕೋ, ಬೇಸಿಗೆಯಲ್ಲಿ ಕೊಡಲಿ ಸದ್ದು ಕೇಳಿದ್ದಕ್ಕೋ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿನ್ನೆ ನಿಸ್ಕಾ ಬರಿಗೈಯಲ್ಲಿ ಬಂದು, ನನ್ನ ಪಕ್ಕ ಕೂತು, ಹಿಮಪಾದುಕೆಯ ಹರಿದ ದಾರ ಕಟ್ಟಿಕೊಂಡ. "ಮಾರ್ಚಿಗೆ ಇನ್ನೆಷ್ಟು ದಿನ ಅವ್ವ?" ಎಂದ.

ಚೆದುರಿ ಹೋದರೆ ಒಂದೊಂದು ಕುಟುಂಬಕ್ಕೆ ಒಂದೊಂದು ಕಡೆ ಏನಾದರೂ ಸಿಕ್ಕೀತು. ಚೆದುರಿದರೆ ಇದು ಊರಲ್ಲ. ಅದಕ್ಕೆ ಕೂತಿದ್ದೇವೆ.

ಈ ಕಾಗದವನ್ನು ಮಂಜುಗಡ್ಡೆ ದಾಟಿ ಸರೋವರಕ್ಕೆ ಉಪ್ಪು ತರಲು ಹೋಗುವವನ ಕೈಯಲ್ಲಿ ಕಳಿಸುತ್ತಿದ್ದೇನೆ. ಇನ್ನು ಬರೆಯಲು ಕಾಗದವಿಲ್ಲ.

ಮಾರ್ಚಿನಲ್ಲಿ ಅಧಿಕಾರಿಯ ಬಂಡಿ ಬರುವಾಗ ನೀನು ಮುಂದಿನ ಬಂಡಿಯಲ್ಲಿ ಇರು. ಹೊಳೆಯ ತಿರುವಿನಲ್ಲಿ ನಿಲ್ಲಿಸು. ಹೊಗೆ ಕಂಡರೆ ಅವನಿಗೆ ತೋರಿಸು, ಒಂದೊಂದಾಗಿ ಎಣಿಸಲು ಹೇಳು. ಹೊಗೆ ಕಾಣದಿದ್ದರೆ ಅಲ್ಲಿಂದಲೇ ತಿರುಗಿಕೊಂಡು ಹೋಗಲು ಅವನನ್ನು ಬಿಡಬೇಡ. ಒಳಗೆ ಕರೆದುಕೊಂಡು ಬಾ. ಒಲೆ ಉರಿಸುವವರು ಇಲ್ಲದಿದ್ದರೂ ಡೇರೆಗಳು ನಿಂತಿರುತ್ತವೆ. ಕಂಬಗಳನ್ನು ಆಳಕ್ಕೆ ನೆಟ್ಟಿದ್ದೇವೆ.

ನಿನ್ನ ಅಕ್ಕ
ತಬಿತಾ